ಎಡಗಾಲು ಗಿಡ್ಡವಾದ ಊರು

"ಆ ಹಾಲ್‌ನ ನೆಲ ಒರೆಸೋದು ನಂಗೆ ಯಾರೂ ಹೇಳಿಕೊಡಲಿಲ್ಲ ಕಣಮ್ಮ, ನೀರೇ ಹೇಳಿಕೊಡ್ತು. ಮೊದಲನೇ ದಿನ ಗೊತ್ತಿಲ್ದೆ, ಬೀದಿಯಿಂದ ಕಲ್ಲಿದ್ದಲು ಸುರಿಯೋ ಕಿಂಡಿ ಹತ್ರದಿಂದ ಶುರು ಮಾಡ್ದೆ. ಒರೆಸಿದ್ದೇ ಒರೆಸಿದ್ದು, ನೋಡಿದ್ರೆ ಕೊಳೆನೀರೆಲ್ಲ ಕರೆದ ನಾಯಿ ಥರ ನನ್ನ ಮಂಡಿ ಕೆಳಗೇ ಬಂದು ನಿಂತಿದೆ. ಮಾರನೇ ದಿನ ಹಾರ್ಮೋನಿಯಂ ಮೂಲೆಯಿಂದ ಶುರು ಮಾಡ್ದೆ. ಒಂದು ಬಕೆಟ್ ಸುರಿದು, ಬ್ರಷ್ಷು ಹಿಡ್ಕೊಂಡು ಹಿಂದಿಂದೆ ಹೋದ್ರೆ ಮುಗೀತು. ನೀರು ತಾನಾಗೇ ಬೀದಿ ಗೋಡೆ ಕಡೆ ಹೋಗಿ ಕಿಂಡಿ ಸೇರ್ಕೊಳ್ಳುತ್ತೆ. ಹತ್ತೊಂಬತ್ತು ವರ್ಷ ಹಾಗೇ ಮಾಡಿದೀನಿ. ನೆಲ ವಾಲಿದೆ ಅಂತ ಗೋಲಿ ಆಡೋ ಹುಡುಗರಿಗೂ ಗೊತ್ತು, ಪಾದ್ರಿಗೂ ಗೊತ್ತು, ಹಾರ್ಮೋನಿಯಂ ನುಡಿಸೋ ಮಿಸ್ ಪೆಗ್‌ಗೂ ಗೊತ್ತು. ಗೊತ್ತಿಲ್ದೇ ಇದ್ದೋರು ಅಂದ್ರೆ ಕಾಲು ನೋಡೋಕೆ ಬರ್ತಿದ್ದೋರು ಮಾತ್ರ. ಅವರನ್ನ ಬೈಯೋ ಹಾಗೂ ಇಲ್ಲ. ನೆಲ ನೋಡೋದು ಕಲಿಯೋಕೆ ಯಾರು ಕಾಲೇಜಿಗೆ ಹೋಗ್ತಾರೆ? ನಮ್ಮೆಜಮಾನ್ರು ಬೇರೆ ಮಿಕ್ಕಿದ್ದನ್ನೆಲ್ಲ ಅಷ್ಟು ಚೆನ್ನಾಗಿ ನೆಟ್ಟಗೆ ಮಾಡಿಟ್ಟಿದ್ರು. ನಾನು ಬಾಯಿಬಿಟ್ಟು ಹೇಳಿದೆ. ಹೇಳಿದ್ದಕ್ಕೆ ನಂಗೂ ಎರಡು ಜೊತೆ ಬೂಟು ಕಳಿಸಿದ್ರು."

ಹೆಟ್ಟಿ ಟನಿಕ್ಲಿಫ್ ಇದನ್ನು ಹೇಳುವಾಗ ತಾನು ನಗುತ್ತಿರಲಿಲ್ಲ. ಕೇಳುವವರು ನಕ್ಕು ಮುಗಿಸುವ ತನಕ ಕೈಯಲ್ಲಿದ್ದ ಬಟ್ಟೆ ಹಿಂಡುತ್ತ ಕಾಯುತ್ತಿದ್ದಳು.

ಹ್ಯಾರೆಲೋ ಊರಿನ ಕೆಳಗೆ ಮೂರು ತಲೆಮಾರಿನಿಂದ ಕಲ್ಲಿದ್ದಲು ತೆಗೆದಿದ್ದರು. ತೆಗೆದದ್ದರ ಜಾಗಕ್ಕೆ ಏನನ್ನೂ ತುಂಬಿರಲಿಲ್ಲ. ಹಾಗಾಗಿ ಊರು ಹಳೇ ಹಾಸಿಗೆಯಂತೆ ಅಲ್ಲಲ್ಲಿ ಕುಸಿದಿತ್ತು. ಬಾಗಿಲಿನ ಕೆಳಗಂಚನ್ನು ಓರೆಯಾಗಿ ಕತ್ತರಿಸದ ಮನೆ ಅಲ್ಲಿರಲಿಲ್ಲ. ಮಂಚದ ಎರಡು ಕಾಲಿಗೆ ಇಟ್ಟಿಗೆ ಕೊಡುವುದು ಮದುವೆಯಾದ ಮೊದಲ ವಾರದ ಕೆಲಸ. ಸಾರಿನ ಬಟ್ಟಲನ್ನು ತಗ್ಗಿನ ಅಂಚು ನೋಡಿಕೊಂಡು ತುಂಬಿಸುವುದು ಹೆಣ್ಣುಮಕ್ಕಳಿಗೆ ಕೈಗೆ ಬಂದ ವಿದ್ಯೆ. ಇದನ್ನು ಯಾರೂ ತೊಂದರೆ ಎಂದು ಹೇಳಿಕೊಳ್ಳುತ್ತಿರಲಿಲ್ಲ. ಮಳೆಯನ್ನು ತೊಂದರೆ ಎನ್ನುತ್ತಾರೆಯೇ?

ಚಾಪೆಲ್ಲಿನ ಪಕ್ಕದ ಹಾಲ್ ವಾಲಿದ್ದು ಒಂದು ಸುಗ್ಗಿ ಊಟದ ದಿನ. ಊರಿನವರೆಲ್ಲ ಹಂದಿಮಾಂಸದ ಕಡುಬಿಗೆ ಕೈ ಹಾಕುವ ಹೊತ್ತಿಗೆ ಕೆಳಗಿನಿಂದ ಗುಡುಗಿದಂತಾಯಿತು. ಉಪ್ಪಿನಕಾಯಿ ಬಾಟಲಿಗಳೆಲ್ಲ ಸಾಲಾಗಿ ಬೀದಿ ಗೋಡೆಯ ಕಡೆ ಹೊರಟವು. ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದವನು ಮುಗಿಸಿ ಕಣ್ಣು ಬಿಟ್ಟಾಗ ಅವನ ತಟ್ಟೆ ನಾಲ್ಕು ಜನರಾಚೆ ಇತ್ತು. ಗೋಡೆ ಗಟ್ಟಿಯಾಗಿಯೇ ನಿಂತಿತ್ತು, ನೆಲ ಮಾತ್ರ ಬೀದಿ ಕಡೆಗೆ ಇಳಿದಿತ್ತು.

ಹೆಟ್ಟಿಯ ಗಂಡ ಏಮಸ್ ಬಡಗಿ. ಅವನಿಗೆ ಓರೆಯಾದದ್ದನ್ನು ನೋಡಿದರೆ ಅನ್ನ ಇಳಿಯುತ್ತಿರಲಿಲ್ಲ. ಆ ಚಳಿಗಾಲವೆಲ್ಲ ಹಾಲ್‌ನಲ್ಲಿ ಕೂತು, ಮೇಜಿನ ಏರು ಕಡೆಯ ಎರಡು ಕಾಲುಗಳನ್ನು ಗರಗಸದಿಂದ ತಗ್ಗಿಸಿದ. ಬೆಂಚು ಕುರ್ಚಿಗಳದೂ ಹಾಗೆಯೇ, ಕಪಾಟಿನದೂ ಹಾಗೆಯೇ. ಗೋಡೆಯ ಕಂದು ಬಣ್ಣದ ಪಟ್ಟಿಯನ್ನು ರಸಮಟ್ಟ ಹಿಡಿದು ಹೊಸದಾಗಿ ಎಳೆದ. ಕೆಲಸ ಮುಗಿದಾಗ ಹಾಲ್‌ನಲ್ಲಿ ಟೀ ಬಟ್ಟಲು ತುಂಬ ಇಟ್ಟರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ನೆಲವೊಂದನ್ನು ಬಿಟ್ಟು ಅಲ್ಲಿ ಎಲ್ಲವೂ ನೆಟ್ಟಗಿತ್ತು. ಏಮಸ್ ತೀರಿಹೋಗಿ ಆರು ವರ್ಷವಾಗಿತ್ತು. ಹೆಟ್ಟಿ ಆ ಮೇಜನ್ನು ಒರೆಸುವಾಗ ಕಾಲುಗಳನ್ನೂ ಒರೆಸುತ್ತಿದ್ದಳು. ಬೇರೆಯವರು ಮೇಜಿನ ಮೇಲಷ್ಟೇ ಒರೆಸುತ್ತಾರೆ.

ಯುದ್ಧ ಮುಗಿದು, ಸರ್ಕಾರ ಎಲ್ಲರಿಗೂ ಪುಕ್ಕಟೆ ವೈದ್ಯ ಎಂದು ಸಾರಿದ ಮೇಲೆ, ಕೌನ್ಸಿಲ್ಲಿನವರು ಆ ಹಾಲನ್ನು ತಿಂಗಳಿಗೊಂದು ದಿನ, ಎರಡನೇ ಮಂಗಳವಾರ, ಮೂಳೆ ತಪಾಸಣೆಗೆಂದು ತೆಗೆದುಕೊಂಡರು. ಮೊದಲು ಬರುತ್ತಿದ್ದ ನರ್ಸಮ್ಮ ಬೆಂಚಿನ ಮೇಲೆ ಮಲಗಿಸಿ ಟೇಪಿನಲ್ಲಿ ಕಾಲಳೆಯುತ್ತಿದ್ದಳು. ಅವಳು ಮದುವೆಯಾಗಿ ಹೋದಳು. ಆಮೇಲೆ ಬಂದವಳು ಸಿಸ್ಟರ್ ಆಲ್ಬಟ್. ಗಂಜಿ ಹಾಕಿದ ಟೋಪಿ, ಗಂಜಿ ಹಾಕಿದ ಮಾತು. ಅವಳ ಚೀಲದಲ್ಲಿ ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಒಂದು ಚಿಕ್ಕ ರಸಮಟ್ಟವೂ, ಬೇರೆ ಬೇರೆ ದಪ್ಪದ ಹತ್ತು ಮರದ ತುಂಡುಗಳೂ ಇರುತ್ತಿದ್ದವು.

"ಟೇಪು ಜಾರುತ್ತೆ. ಮೂಳೆ ಜಾರಲ್ಲ. ನೆಟ್ಟಗೆ ನಿಲ್ಲಿ," ಎನ್ನುತ್ತಿದ್ದಳು.

ಮೇಜಿನ ಮುಂದೆ ಬರಿಗಾಲಲ್ಲಿ ನಿಲ್ಲಿಸಿ, ಸೊಂಟದ ಎರಡು ಮೂಳೆಗಳ ಮೇಲೆ ರಸಮಟ್ಟ ಹಿಡಿಯುವಳು. ಗುಳ್ಳೆ ಒಂದು ಕಡೆಗೆ ಓಡಿದರೆ ತಗ್ಗಿದ ಕಾಲಿನ ಕೆಳಗೆ ತುಂಡುಗಳನ್ನು ಒಂದೊಂದಾಗಿ ಸೇರಿಸುವಳು. ಗುಳ್ಳೆ ನಡುವಿಗೆ ಬಂದಾಗ ತುಂಡಿನ ದಪ್ಪವನ್ನು ಬರೆದುಕೊಳ್ಳುವಳು. ಅಷ್ಟು ದಪ್ಪದ ಅಟ್ಟೆಯ ಬೂಟು ಮೂರು ವಾರದಲ್ಲಿ ಬರುತ್ತಿತ್ತು. ಮೇಜಿನ ಕಡೆ ಮುಖ ಮಾಡಿ ನಿಂತವರ ಎಡಗೈಗೆ ಬೀದಿ ಗೋಡೆ. ಹಾಗಾಗಿ ಬಂದವರೆಲ್ಲರ ಎಡಗಾಲೇ ಗಿಡ್ಡವಾಗಿತ್ತು. ಬೆನ್ನುನೋವೆಂದು ಹೋದವರದೂ ಎಡಗಾಲು ಗಿಡ್ಡ. ಮಣಿಕಟ್ಟು ಮುರಿದು ಕಟ್ಟಿಸಿಕೊಳ್ಳಲು ಹೋದವರದೂ ಗಿಡ್ಡ. ಅತ್ತೆಯ ಜೊತೆಗೆಂದು ಹೋಗಿ ಸುಮ್ಮನೆ ಬೆಂಚಿನ ಮೇಲೆ ಕೂತಿದ್ದ ಸೊಸೆಯದೂ ಮುಕ್ಕಾಲು ಇಂಚು ಗಿಡ್ಡ.

ಊರಿನವರು ಬೇಜಾರು ಮಾಡಿಕೊಳ್ಳಲಿಲ್ಲ. ಬೂಟಿನ ತೊಗಲು ಅಷ್ಟು ಚೆನ್ನಾಗಿತ್ತು. ಒಬ್ಬೊಬ್ಬರಿಗೆ ಎರಡು ಜೊತೆ. ನೆಲದ ಸಂಗತಿ ಬಾಯಿಗೆ ಬಂದರೂ ನುಂಗಿಕೊಂಡರು. ಅಷ್ಟು ಓದಿದವರು ನೆಲ ನೋಡಿರುವುದಿಲ್ಲವೇ, ಅದನ್ನೂ ಕಳೆದೇ ಲೆಕ್ಕ ಹಾಕಿರುತ್ತಾರೆ, ನಾವು ಹೇಳಿದರೆ ಅವರಿಗೆ ಅವಮಾನ ಮಾಡಿದ ಹಾಗೆ ಎಂದು ತಿಳಿದರು.

ಊರಿನ ಹಳೇ ಗಣಿ ಕೆಲಸಗಾರ ಎನಾಕ್ ಸಾಲ್ಟ್‌ಗೆ ಎಪ್ಪತ್ತೊಂದು ವರ್ಷ. ಹಾಲ್‌ನ ಕೆಳಗಿನ ಕಲ್ಲಿದ್ದಲನ್ನು ಕಡಿದವರಲ್ಲಿ ಅವನೂ ಒಬ್ಬ. ಅವನಿಗೂ ಒಂದಿಂಚಿನ ಅಟ್ಟೆ ಬಂತು.

"ಹೇಗಿದೆ ಎನಾಕ್, ಬೂಟು?" ಎಂದು ಹೆಟ್ಟಿ ಕೇಳಿದರೆ,

"ಪಬ್ಬಿಗೆ ಹೋಗೋ ದಾರಿ ಎಡಕ್ಕೆ ಇಳಿಜಾರು ನೋಡು. ಹೋಗುವಾಗ ದೊರೆ ಥರ ನೆಟ್ಟಗೆ ಹೋಗ್ತೀನಿ. ಬರುವಾಗ ಮಾತ್ರ ಗೋಡೆ ಗೋಡೆಗೆ ಹಾಯ್ತೀನಿ. ನನ್ನ ಹೆಂಡ್ತಿ ಬಿಯರ್ ಅಂತಾಳೆ. ಬೂಟು ಕಣೇ ಅಂದ್ರೆ ನಂಬಲ್ಲ," ಎನ್ನುತ್ತಿದ್ದ.

ಮೂರು ತಿಂಗಳಿಗೊಮ್ಮೆ ಬರುವ ದೊಡ್ಡ ಶಸ್ತ್ರವೈದ್ಯ ಮಿಸ್ಟರ್ ಲಾಫ್ಟಸ್. ಒಳ್ಳೆಯ ಮನುಷ್ಯ. ಮಕ್ಕಳಿಗೆ ಪುದೀನಾ ಮಿಠಾಯಿ ಕೊಡುತ್ತಿದ್ದ, ಮುದುಕಿಯರಿಗೆ ಎದ್ದು ಕುರ್ಚಿ ಬಿಡುತ್ತಿದ್ದ. ಒಂದೇ ಊರಿನಲ್ಲಿ ಎಂಬತ್ತು ಎಡಗಾಲುಗಳು ಗಿಡ್ಡವಾಗಿರುವುದನ್ನು ಸಿಸ್ಟರಿನ ಚೀಟಿಗಳಲ್ಲಿ ನೋಡಿ ಅವನ ನಿದ್ದೆ ಹಾರಿಹೋಯಿತು. ಗಣಿಯಲ್ಲಿ ಎಡಮಂಡಿ ಊರಿ ಕೂರುವುದರಿಂದ ಹೀಗಾಗಿದೆ ಎಂದ. ಹೆಂಗಸರಿಗೂ ಇದೆಯಲ್ಲ ಎಂದಾಗ, ಮಗುವನ್ನು ಬಲಸೊಂಟದ ಮೇಲೆ ಎತ್ತಿಕೊಳ್ಳುವುದರಿಂದ ಎಂದ. ಮಕ್ಕಳಿಗೂ ಇದೆಯಲ್ಲ ಎಂದಾಗ, ನೀರಿನಲ್ಲಿ ಏನೋ ಇದೆ ಎಂದ. ನೀರು ಎಡಗಾಲಿಗೆ ಮಾತ್ರ ಹೇಗೆ ಇಳಿಯುತ್ತದೆ ಎಂಬುದಕ್ಕೆ ನಲವತ್ತು ಪುಟ ಬರೆದ. ಏಪ್ರಿಲ್‌ನಲ್ಲಿ ಲಂಡನ್ನಿನ ದೊಡ್ಡ ವೈದ್ಯರ ಸಭೆಯಲ್ಲಿ ಅದನ್ನು ಓದುವುದಿತ್ತು. 'ಹ್ಯಾರೆಲೋ ಎಡಗಾಲು' ಎಂದು ರೋಗಕ್ಕೆ ಹೆಸರೂ ಇಟ್ಟಾಗಿತ್ತು.

ಕೌನ್ಸಿಲ್ಲಿನ ಆರೋಗ್ಯ ಇಲಾಖೆಯವರು ಸುಮ್ಮನಿರುತ್ತಾರೆಯೇ? ಶಾಲೆಯ ಮಕ್ಕಳೆಲ್ಲ ದಿನಾ ಬೆಳಿಗ್ಗೆ ಅಂಗಳದ ಕಂಬಿ ಹಿಡಿದುಕೊಂಡು ಎಡಗಾಲನ್ನು ಇನ್ನೂರು ಸಲ ಬೀಸಬೇಕು, ಬೀಸಿದರೆ ಉದ್ದವಾಗುತ್ತದೆ ಎಂದು ಅಪ್ಪಣೆ ಮಾಡಿದರು. ಮೀನೆಣ್ಣೆಯ ಚಮಚ ಒಂದಿದ್ದದ್ದು ಎರಡಾಯಿತು. ಹೆಟ್ಟಿ ಬಕೆಟ್ಟು ಹಿಡಿದು ಶಾಲೆಯ ಮುಂದೆ ಹಾದುಹೋಗುವಾಗ, ನೂರಿಪ್ಪತ್ತು ಎಡಗಾಲುಗಳು ಒಟ್ಟಿಗೆ ಮುಂದೆ ಹಿಂದೆ ಆಡುತ್ತಿರುವುದನ್ನು ನೋಡಿ, ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದುಕೊಳ್ಳುತ್ತಿದ್ದಳು.

ಅದು ಅವಳ ಮನೆಗೇ ಬಂದು ನಿಂತಿತು.

ಮಗಳು ಓಲಿವ್ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆಯುವವಳು. ಅವಳಿಗೆ ಒಬ್ಬಳೇ ಮಗಳು ಗ್ಲೆನಿಸ್, ಒಂಬತ್ತು ವರ್ಷ, ಗಲ್ಲಿಯಲ್ಲಿ ಅವಳನ್ನು ಓಡಿ ಹಿಡಿಯುವವರಿರಲಿಲ್ಲ. ಶಾಲೆಯಿಂದ ಅವಳನ್ನೂ ಸಿಸ್ಟರಿನ ಬಳಿಗೆ ಕಳಿಸಿದರು. ಮುಕ್ಕಾಲು ಇಂಚು. ಬೆಳೆಯುವ ಮಗುವಿಗೆ ಬೂಟು ಸಾಲದು, ಬಲಮಂಡಿಯ ಮೂಳೆಗೆ ಮೊಳೆ ಹೊಡೆದು ಅದರ ಬೆಳವಣಿಗೆ ತಡೆದರೆ ಎಡಗಾಲು ಬಂದು ಸೇರಿಕೊಳ್ಳುತ್ತದೆ ಎಂದು ಮಿಸ್ಟರ್ ಲಾಫ್ಟಸ್ ತೀರ್ಮಾನಿಸಿದ. ಆಸ್ಪತ್ರೆಯಿಂದ ಕಾಗದ ಬಂತು. ಮಾರ್ಚ್ ಇಪ್ಪತ್ತನಾಲ್ಕಕ್ಕೆ ಹಾಸಿಗೆ ಇದೆ. ಆರು ವಾರ ಪ್ಲಾಸ್ಟರು. ಆಸ್ಪತ್ರೆ ಮೂವತ್ತು ಮೈಲಿಯಾಚೆ ಗುಡ್ಡದ ಮೇಲೆ, ಒಳ್ಳೇ ಗಾಳಿಗೆಂದು ವಾರ್ಡಿನ ಒಂದು ಕಡೆಗೆ ಗೋಡೆಯೇ ಇಲ್ಲ. ಮನೆಯವರು ತಿಂಗಳಿಗೊಂದು ಶನಿವಾರ ಬಂದು ನೋಡಬಹುದು. ಹತ್ತನೇ ತಾರೀಕಿನ ಮಂಗಳವಾರ ಕೊನೆಯದಾಗಿ ಒಮ್ಮೆ ಅಳೆಯಬೇಕು, ಕರೆದು ತನ್ನಿ.

ಹೆಟ್ಟಿ ಕಾಗದವನ್ನು ಓಲಿವ್ ಕೈಯಲ್ಲಿ ಎರಡು ಸಲ ಓದಿಸಿದಳು.

"ಒಳ್ಳೇ ಕಾಲಿಗೆ ಮೊಳೆ ಹೊಡೀತಾರಾ?"

"ಅಮ್ಮ, ಬಲಗಾಲು ಜಾಸ್ತಿ ಉದ್ದ ಇದೆಯಂತೆ."

"ಅದು ಉದ್ದ ಇಲ್ಲ. ಹಾಲ್‌ನ ನೆಲ ತಗ್ಗು."

"ಅಷ್ಟು ದೊಡ್ಡ ಡಾಕ್ಟ್ರಿಗೆ ಅದು ಗೊತ್ತಾಗಲ್ವಾ? ನೀನು ನೆಲ ಒರೆಸೋಳು, ಅವರು ಮೂಳೆ ನೋಡೋರು. ನಾಳೆ ಇವಳು ಕುಂಟಿ ಆದ್ರೆ ನಿನ್ನ ಮಾತು ಕೇಳಿದ್ದಕ್ಕೆ ನಾನು ಏನಂತ ಮುಖ ತೋರಿಸ್ಲಿ?" ಓಲಿವ್ ಕಣ್ಣು ಒರೆಸಿಕೊಂಡಳು. ಅವಳಿಗೂ ಭಯವೇ. ಅವಳು ಭಯವನ್ನು ದೊಡ್ಡವರ ಕೈಗೆ ಕೊಟ್ಟು ನಿಶ್ಚಿಂತೆಯಾಗಿರಲು ನೋಡುತ್ತಿದ್ದಳು.

ಹೆಟ್ಟಿ ಫೆಬ್ರವರಿಯ ಮಂಗಳವಾರ ಸಿಸ್ಟರಿಗೆ ಟೀ ಕೊಡುವಾಗ ಮೆಲ್ಲಗೆ ಮಾತು ತೆಗೆದಳು.

"ಸಿಸ್ಟರ್, ತಪ್ಪು ತಿಳೀಬೇಡಿ. ಈ ನೆಲ ವಾಲಿದೆ."

ಸಿಸ್ಟರ್ ಆಲ್ಬಟ್ ಬಟ್ಟಲು ಕೆಳಗಿಟ್ಟಳು. "ನಿಮ್ಮ ಮೊಮ್ಮಗಳ ಆಪರೇಷನ್ ಇದೆಯಲ್ಲ, ಅದಕ್ಕೆ ಹೇಳ್ತಿದೀರಿ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ನಾನು ಕುಣಿಯೋಕೆ ಬಂದೋಳಲ್ಲ ಸಿಸ್ಟರ್, ಒರೆಸೋಕೆ ಬಂದೋಳು. ನೀರು ಆ ಕಡೆಗೇ ಹೋಗುತ್ತೆ."

"ನೀರಿಗೆ ಏನು ಗೊತ್ತು?" ಸಿಸ್ಟರ್ ಚೀಲದಿಂದ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟಳು. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಬೆಂಚಿನ ಮೇಲಿಟ್ಟಳು, ನಡುವೆ. ಕಪಾಟಿನ ಮೇಲಿಟ್ಟಳು, ನಡುವೆ. ಗೋಡೆಯ ಕಂದು ಪಟ್ಟಿಗೂ ಹಿಡಿದಳು. ಏಮಸ್‌ನ ಕೈಕೆಲಸ ಒಂದು ಕೂದಲಷ್ಟೂ ಕದಲಿರಲಿಲ್ಲ.

"ನೋಡಿದ್ರಾ?"

ಹೆಟ್ಟಿಗೆ ಗಂಡನ ಕೆಲಸಕ್ಕೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. "ಅದು ನಮ್ಮೆಜಮಾನ್ರು ಮಾಡಿದ್ದು. ನೆಲದ ಮೇಲೆ ಇಟ್ಟು ನೋಡಿ."

"ಸೊಂಟಕ್ಕೆ ಹಿಡಿಯೋ ವಸ್ತುನ ನೆಲದ ಮೇಲೆ ಇಡೋದು ಶುಚಿಯಲ್ಲ," ಎಂದು ಸಿಸ್ಟರ್ ಅದನ್ನು ಬಟ್ಟೆಯಲ್ಲಿ ಸುತ್ತಿಬಿಟ್ಟಳು.

ಆ ವಾರವೇ ಹೆಟ್ಟಿ ಬಸ್ಸು ಹತ್ತಿ ಪೇಟೆಯ ಆರೋಗ್ಯ ಇಲಾಖೆಗೆ ಹೋದಳು. ಕಿಂಡಿಯ ಹಿಂದಿನ ಗುಮಾಸ್ತ ಗಲ್ಲಕ್ಕೆ ಪೆನ್ನು ಊರಿ ಪೂರ್ತಿ ಕೇಳಿದ.

"ನೆಲ ಅಂದ್ರೆ ಕಟ್ಟಡ. ಕಟ್ಟಡ ಚಾಪೆಲ್ಲಿನ ಹಿರಿಯರದ್ದು. ನೆಲದ ಕೆಳಗೆ ಅಂದ್ರೆ ಗಣಿಯ ಕಚೇರಿ. ನೆಲದ ಮೇಲೆ ಅಂದ್ರೆ ನಾವು. ನಿಮ್ಮ ತೊಂದರೆ ಎಲ್ಲಿದೆ? ಮೇಲಾ, ಕೆಳಗಾ?"

"ನೆಲದಲ್ಲೇ ಇದೆಯಪ್ಪ."

"ನೆಲದಲ್ಲೇ ಅನ್ನೋದಕ್ಕೆ ನಮ್ಮಲ್ಲಿ ಫಾರಂ ಇಲ್ಲ. ಯಾವ ಕಡೆಗೆ ವಾಲುತ್ತೆ ಅಂತೀರಿ?"

"ಎಡಕ್ಕೆ."

"ಎಡಕ್ಕೆ," ಎಂದು ಅವನು ಮರುಕದಿಂದ ಬರೆದುಕೊಂಡ. "ಎಷ್ಟು ದಿನದಿಂದ ಹೀಗೆ ಅನ್ನಿಸ್ತಿದೆ?"

ಮೂರು ವಾರದ ಮೇಲೆ ಒಂದು ಡಬ್ಬಿ ಬಂತು. ಒಳಗೆ ಎರಡು ಜೊತೆ ಬೂಟು, ಎಡಗಡೆಯದಕ್ಕೆ ದಪ್ಪ ಅಟ್ಟೆ. ಹೆಟ್ಟಿ ಅದನ್ನು ಮೆಟ್ಟಿಲ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಮಾರ್ಚ್ ಆರು ಆಗಲೇ ಆಗಿತ್ತು. ನಾಲ್ಕು ದಿನ ಉಳಿದಿತ್ತು.

ಬೂಟು ನೋಡುತ್ತ ನೋಡುತ್ತ ಅವಳಿಗೆ ಮೇಜು ನೆನಪಾಯಿತು. ಏಮಸ್ ಆ ಮೇಜನ್ನು ಆ ಒಂದು ಜಾಗಕ್ಕೆಂದೇ ಕತ್ತರಿಸಿದ್ದ. 'ಇದನ್ನ ಯಾರೂ ತಿರುಗಿಸದ ಹಾಗೆ ನೋಡ್ಕೋ ಹೆಟ್ಟಿ, ತಿರುಗಿಸಿದ್ರೆ ನನ್ನ ಹೆಸರು ಹಾಳು,' ಎಂದು ಅವನು ಹೇಳುತ್ತಿದ್ದುದುಂಟು. ನೆಲದ ವಿಷಯ ಬಯಲಾದರೆ ಹಾಲ್‌ಗೆ ಬೀಗ ಬಿದ್ದರೂ ಬೀಳಬಹುದು, ತನ್ನ ಕೆಲಸವೂ ಹೋಗಬಹುದು. ಊರಿನವರಿಗೆ ಬೂಟು ತಪ್ಪಿದರೆ ತನ್ನನ್ನು ಶಪಿಸುತ್ತಾರೆ. ಎಲ್ಲವನ್ನೂ ಯೋಚಿಸಿದಳು. ಯೋಚನೆ ಮುಗಿದಾಗ ಗ್ಲೆನಿಸ್ ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಒಳಗೆ ಬಂದಳು.

ಹತ್ತನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಹೆಟ್ಟಿ ಎನಾಕ್‌ನನ್ನು ಕರೆಸಿಕೊಂಡಳು. ಇಬ್ಬರೂ ಮೇಜನ್ನು ಹೊತ್ತು ಹಾಲ್‌ನ ಆ ತುದಿಯಿಂದ ಈ ತುದಿಗೆ ತಂದರು, ಮುಖ ತಿರುಗಿಸಿ ಇಟ್ಟರು. ಕುರ್ಚಿಗಳನ್ನೂ, ಬೆಂಚುಗಳನ್ನೂ ತಿರುಗಿಸಿದರು. ಏಮಸ್ ತಗ್ಗಿಸಿದ್ದ ಕಾಲುಗಳು ಈಗ ತಗ್ಗಿನ ಕಡೆಗೇ ಬಂದವು. ಮೇಜು ಕುಡಿದವನ ಹಾಗೆ ಬೀದಿ ಗೋಡೆಯ ಕಡೆಗೆ ವಾಲಿತು.

"ಏಮಸ್ ನೋಡಿದ್ರೆ ಗೋರಿಯಿಂದ ಎದ್ದು ಬರ್ತಾನೆ," ಎಂದ ಎನಾಕ್.

"ಬರಲಿ. ಬಂದು ಅವರಿಗೆ ಹೇಳಲಿ. ನನ್ನ ಮಾತು ಯಾರು ಕೇಳ್ತಾರೆ?"

"ನನ್ನ ಬೂಟು ಹೋಗುತ್ತಲ್ಲ ಮಾರಾಯ್ತಿ."

"ಪಬ್ಬಿಂದ ನೆಟ್ಟಗೆ ಬರ್ತೀಯ."

"ಅದು ಯಾರಿಗೆ ಬೇಕಾಗಿದೆ?" ಎಂದು ಗೊಣಗುತ್ತ ಅವನು ಬೆಂಚಿನ ಮೊದಲ ಜಾಗದಲ್ಲಿ ಕೂತುಕೊಂಡ.

ಆ ತುದಿಯ ಒಲೆ ಹೊಗೆಯಾಡುತ್ತಿದೆ, ಅದಕ್ಕೇ ಈ ಕಡೆ ಹಾಕಿದ್ದೇನೆ ಎಂದಳು ಹೆಟ್ಟಿ. ಸಿಸ್ಟರ್ ಒಪ್ಪಿಕೊಂಡಳು. ಮೇಜಿನ ಮೇಲೆ ಪೆನ್ಸಿಲಿಟ್ಟಳು, ಉರುಳಿ ಬಿತ್ತು. ಎತ್ತಿಟ್ಟಳು, ಉರುಳಿ ಬಿತ್ತು. "ಈ ಸಲ ಕೌನ್ಸಿಲ್ಲಿನವರು ದುಂಡನೇ ಪೆನ್ಸಿಲು ಕಳಿಸಿದ್ದಾರೆ," ಎಂದು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಮಿಸ್ಟರ್ ಲಾಫ್ಟಸ್ ಬಂದು ಮೇಜಿನ ಬೀದಿ ಕಡೆಯ ತುದಿಯಲ್ಲಿ ಕೂತ. ಹೆಟ್ಟಿ ಕಾದಳು. ಈಗ ನೋಡಿಯಾರು, ಈಗ ನೋಡಿಯಾರು.

ಅವರು ನೋಡಿದ್ದು ಎನಾಕ್‌ನ ಕಾಲನ್ನು. ಅವನು ಬೂಟು ಕಳಚಿ ನಿಂತ, ರಸಮಟ್ಟ ಸೊಂಟಕ್ಕೆ ಬಂತು, ಗುಳ್ಳೆ ಓಡಿತು.

ಸಿಸ್ಟರ್ ರಸಮಟ್ಟವನ್ನು ತೆಗೆದು ಮತ್ತೆ ಹಿಡಿದಳು. "ಸಾರ್, ಬಲಗಾಲು."

"ಬಲಗಾಲೇನು?"

"ಬಲಗಾಲು ಗಿಡ್ಡ ಆಗಿದೆ. ಒಂದಿಂಚು."

ಮೇಜು ತಿರುಗಿದ ಮೇಲೆ ಬೀದಿ ಗೋಡೆ ಬಲಗೈಗೆ ಬಂದಿತ್ತು. ಮುಂದಿನವರನ್ನು ಕರೆದರು. ಬಲಗಾಲು. ಅದರ ಮುಂದಿನವಳು, ಬಲಗಾಲು. ಆರು ಜನರಾದ ಮೇಲೆ ಮಿಸ್ಟರ್ ಲಾಫ್ಟಸ್ ಮೇಜಿಗೆ ಮೊಣಕೈ ಊರಿದ, ಮೊಣಕೈ ಜಾರಿತು, ಮತ್ತೆ ಊರಿದ.

"ದಾಟಿದೆ," ಎಂದ ಮೆಲ್ಲಗೆ. ಅವನ ಮುಖ ಬೆಳಗಿತ್ತು. "ಸಿಸ್ಟರ್, ರೋಗ ಎಡದಿಂದ ಬಲಕ್ಕೆ ದಾಟಿದೆ. ಇದನ್ನು ಇದುವರೆಗೆ ಜಗತ್ತಿನಲ್ಲಿ ಯಾರೂ ನೋಡಿಲ್ಲ."

ಹೆಟ್ಟಿ ಮೇಜಿನ ಕಡೆ ನೋಡಿದಳು. ತಾನು ಮಾಡಿದ್ದು ಇನ್ನೊಂದಕ್ಕೆ ಹೊರಳಿಕೊಂಡಿತ್ತು. ಅಷ್ಟರಲ್ಲಿ ಓಲಿವ್ ಮಗಳ ಕೈಹಿಡಿದು ಬಂದಳು. ಗ್ಲೆನಿಸ್‌ಳನ್ನು ನಿಲ್ಲಿಸಿದರು. ಬಲಗಾಲು, ಮುಕ್ಕಾಲು ಇಂಚು.

"ಡಾಕ್ಟ್ರೇ, ಹಾಗಾದ್ರೆ ಮೊಳೆ ಬೇಡ್ವಾ?" ಎಂದಳು ಓಲಿವ್.

"ಮಿಸ್ಟರ್ ಲಾಫ್ಟಸ್," ಎಂದು ಸಿಸ್ಟರ್ ತಿದ್ದಿದಳು. ಶಸ್ತ್ರವೈದ್ಯರನ್ನು ಅಲ್ಲಿ ಡಾಕ್ಟರ್ ಎಂದು ಕರೆಯುವ ಪದ್ಧತಿಯಿರಲಿಲ್ಲ.

"ಬೇಡ ಅಂತಲ್ಲಮ್ಮ," ಎಂದ ಅವನು ಪ್ರೀತಿಯಿಂದಲೇ. "ಎರಡೂ ಮಂಡಿಗೆ ಬೇಕಾಗಬಹುದು. ಇವತ್ತೇ ನಮ್ಮ ಜೊತೆ ಕಳಿಸಿದ್ರೆ ಇನ್ನೂ ಒಳ್ಳೇದು." ಹಾಗೆನ್ನುತ್ತ ಅವನು ಕುರ್ಚಿಯಲ್ಲಿ ಒಂದು ಕಡೆಗೆ ಜರುಗಿದ. ಸರಿಯಾಗಿ ಕೂತ, ಮತ್ತೆ ಜರುಗಿದ. ಬೆಳಿಗ್ಗೆಯಿಂದ ಅವನು ಬೀದಿ ಗೋಡೆಯ ಕಡೆಗೆ ಜಾರದ ಹಾಗೆ ಒಂದು ಕಾಲನ್ನು ಒತ್ತಿ ಹಿಡಿದೇ ಕೂತಿದ್ದ. ಈಗ ಅವನ ಮುಖದ ಬೆಳಕು ಮೆಲ್ಲಗೆ ಆರಿತು.

"ಸಿಸ್ಟರ್," ಎಂದ, "ಬಾಗಿಲು ಹಾಕಿ. ನನ್ನನ್ನ ಒಮ್ಮೆ ಅಳೆಯಿರಿ."

ಶೂ ಬಿಚ್ಚಿದ, ಕಾಲುಚೀಲದಲ್ಲಿ ನಿಂತ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. ಸಿಸ್ಟರ್ ರಸಮಟ್ಟ ಹಿಡಿದಳು, ತುಂಡುಗಳನ್ನು ಸೇರಿಸಿದಳು.

"ಬಲಗಾಲು ಸಾರ್. ಒಂದು ಇಂಚು."

ಮಿಸ್ಟರ್ ಲಾಫ್ಟಸ್ ಬೆಂಚಿನಲ್ಲಿದ್ದ ಹನ್ನೆರಡು ಜನರನ್ನೂ ನೋಡಿದ. ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡ. "ಹಾಗಾದ್ರೆ ಇದು ಅಂಟುತ್ತೆ," ಎಂದ. "ನಿಮ್ಮನ್ನೂ ಅಳೀಬೇಕು ಸಿಸ್ಟರ್. ನೀವೆಲ್ಲ ದಯವಿಟ್ಟು ಬಾಯಿ ಮುಚ್ಕೊಂಡು ಉಸಿರಾಡಿ."

ಎಲ್ಲರೂ ಬಾಯಿ ಮುಚ್ಚಿಕೊಂಡರು. ಎನಾಕ್ ಮೂಗನ್ನೂ ಹಿಡಿದುಕೊಂಡ.

ಇನ್ನು ಮಾತಿನಿಂದ ಆಗುವುದಿಲ್ಲ ಎಂದು ಹೆಟ್ಟಿಗೆ ಗೊತ್ತಾಯಿತು. ಅವಳು ಒಳಗೆ ಹೋಗಿ ಟೀ ತಂದಳು. ಮಾಮೂಲಿನ ತಟ್ಟೆ, ಮಾಮೂಲಿನ ಬಟ್ಟಲುಗಳು, ಓಟ್ಸ್ ದೋಸೆಯೊಳಗೆ ಚೀಸ್ ಇಟ್ಟು ಸುತ್ತಿದ್ದು. ಬಟ್ಟಲುಗಳನ್ನು ಅಂಚಿನವರೆಗೆ ತುಂಬಿದ್ದಳು. ತಟ್ಟೆಯನ್ನು ಮೇಜಿನ ನಡುವೆ ಇಟ್ಟು ಕೈಬಿಟ್ಟಳು.

ತಟ್ಟೆ ಹೊರಟಿತು. ಅವಸರವಿಲ್ಲದೆ, ಚಾಪೆಲ್ಲಿಗೆ ಹೋಗುವ ಹೆಂಗಸಿನ ಹಾಗೆ ಮೇಜಿನ ಉದ್ದಕ್ಕೂ ಹೋಯಿತು. ಸಿಸ್ಟರ್ ನೋಡುತ್ತಲೇ ಇದ್ದಳು. ತುದಿಗೆ ಬಂದು ಮಿಸ್ಟರ್ ಲಾಫ್ಟಸ್‌ನ ಖಾಲಿ ಕುರ್ಚಿಯ ಮೇಲೆ ಬಿತ್ತು. ಟೀ ನೆಲಕ್ಕೆ ಚೆಲ್ಲಿತು. ಹೆಟ್ಟಿ ಒರೆಸುವ ಬಟ್ಟೆ ಕೈಯಲ್ಲೇ ಹಿಡಿದಿದ್ದಳು, ಆದರೆ ಬಗ್ಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಚೆಲ್ಲಿದ್ದನ್ನು ನೋಡಿಯೂ ಅವಳು ಸುಮ್ಮನೆ ನಿಂತಿದ್ದು ಅದೊಂದೇ ಸಲ.

ಟೀ ಒಂದು ಕ್ಷಣ ಕೆರೆಯಂತೆ ನಿಂತು, ಮೂಗು ಮುಂದೆ ಮಾಡಿ ಹೊರಟಿತು. ಹಲಗೆಯ ಸಂದಿನುದ್ದಕ್ಕೂ ಸರಸರನೆ ಹೋಗಿ, ಸಿಸ್ಟರಿನ ಶೂಗಳ ನಡುವೆ ನುಗ್ಗಿ, ಸುತ್ತಾಡದೆ ನೆಟ್ಟಗೆ ಕಲ್ಲಿದ್ದಲ ಕಿಂಡಿಗೆ ಇಳಿಯಿತು. ಮಿಸ್ಟರ್ ಲಾಫ್ಟಸ್ ಕಾಲುಚೀಲದಲ್ಲಿಯೇ ಅದರ ಹಿಂದೆ ನಡೆದು ಹೋದ. ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ತಿರುಗಿ ಕೈ ಚಾಚಿದ.

"ರಸಮಟ್ಟ ಕೊಡಿ ಸಿಸ್ಟರ್."

"ಸಾರ್, ಅದು ಸೊಂಟದ್ದು."

"ಕೊಡಿ."

ನೆಲದ ಮೇಲಿಟ್ಟ. ಗುಳ್ಳೆ ಮೇಲ್ತುದಿಗೆ ಓಡಿ ಅಂಟಿಕೊಂಡಿತು. ಹಾಲ್‌ನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಬಾಯಿ ಮುಚ್ಚಿಕೊಂಡಿರಿ ಎಂದು ಅವನೇ ಹೇಳಿದ್ದನಲ್ಲ.

"ಇದು ಎಷ್ಟು ದಿನದಿಂದ ಹೀಗಿದೆ?" ಎಂದ ಕೊನೆಗೆ.

"ಇಪ್ಪತ್ತೆರಡು ವರ್ಷದಿಂದ ಸಾರ್," ಎಂದಳು ಹೆಟ್ಟಿ.

"ಇದು ನಿಮಗೆಲ್ಲ ಗೊತ್ತಿತ್ತಾ?"

ಹನ್ನೆರಡು ತಲೆಗಳು ಹೌದೆಂದು ಅಲ್ಲಾಡಿದವು. ಎನಾಕ್ ಮೂಗು ಬಿಟ್ಟು ಹೇಳಿದ: "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸಾರ್."

ಮಿಸ್ಟರ್ ಲಾಫ್ಟಸ್ ಎದ್ದ. ಗ್ಲೆನಿಸ್‌ಳನ್ನು ಬೆಂಚಿನ ಮೇಲೆ ಮಲಗಿಸಿ, ಸಿಸ್ಟರಿನ ಚೀಲದ ತಳದಲ್ಲಿದ್ದ ಟೇಪನ್ನು ತೆಗೆಸಿ ತಾನೇ ಅಳೆದ. ಎಡ, ಬಲ. ಮತ್ತೆ ಎಡ, ಬಲ. ಒಂದು ಎಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಹುಡುಗಿಗೆ ಕಚಗುಳಿಯಾಗಿ ಕಾಲೆಳೆದುಕೊಂಡಳು.

"ಹಾಸಿಗೆ ಬೇಡ," ಎಂದು ಅವನು ಚೀಟಿಯ ಮೇಲೆ ಬರೆದು ಗೀಟೆಳೆದ. ಓಲಿವ್ ಬೆಂಚಿನ ತುದಿ ಹಿಡಿದು ಕೂತುಬಿಟ್ಟಳು. ಆಮೇಲೆ ಅವನು ತಾನೇ ಬೆಂಚಿನ ಮೇಲೆ ಮಲಗಿದ. "ನನ್ನದನ್ನೂ ನೋಡಿ ಸಿಸ್ಟರ್, ಯಾವುದಕ್ಕೂ ಇರಲಿ." ಸಿಸ್ಟರ್ ಅಳೆದಳು. ಸಮ ಇದೆ ಎಂದಾಗ ಅವನು ಬಿಟ್ಟ ಉಸಿರು ಹಾರ್ಮೋನಿಯಂ ಮೂಲೆಯವರೆಗೂ ಕೇಳಿಸಿತು.

ಹೋಗುವಾಗ ಅವನು ಹೆಟ್ಟಿಯ ಮುಂದೆ ನಿಂತ. "ಆ ಮೇಜು ಮಾಡಿದವರು ಯಾರು?"

"ನಮ್ಮೆಜಮಾನ್ರು ಸಾರ್."

"ಬಹಳ ಒಳ್ಳೇ ಕೆಲಸಗಾರರು," ಎಂದ. ಲಂಡನ್ನಿನ ನಲವತ್ತು ಪುಟ ಅವನ ಕೋಟಿನ ಜೇಬಿನಿಂದ ಇಣುಕುತ್ತಿತ್ತು. ಅದನ್ನು ಒಳಗೆ ತಳ್ಳಿಕೊಂಡು ಕಾರು ಹತ್ತಿದ.

ಆ ವರ್ಷದ ಕೌನ್ಸಿಲ್ ವರದಿಯಲ್ಲಿ, ಶಾಲಾ ಮಕ್ಕಳ ಕಾಲು ಬೀಸುವ ಕಸರತ್ತಿನಿಂದಲೂ ಮೀನೆಣ್ಣೆಯಿಂದಲೂ ಹ್ಯಾರೆಲೋ ಎಡಗಾಲು ಪೂರ್ತಿ ವಾಸಿಯಾಯಿತು ಎಂದು ಅಚ್ಚಾಯಿತು. ಹಾಲ್‌ಗೆ ಬೀಗ ಬೀಳಲಿಲ್ಲ. ನೆಲದಲ್ಲೇ ಎನ್ನುವುದಕ್ಕೆ ಇನ್ನೂ ಫಾರಂ ಇರಲಿಲ್ಲ. ಇನ್ನು ಮೇಲೆ ಎಲ್ಲರನ್ನೂ ಮಲಗಿಸಿಯೇ ಅಳೆಯತಕ್ಕದ್ದು ಎಂದು ಮಾತ್ರ ಕಾಗದ ಬಂತು. ಬೂಟುಗಳನ್ನು ಸವೆಯುವ ತನಕ ಇಟ್ಟುಕೊಳ್ಳಬಹುದು ಎಂದರು. ಊರಿನವರು ದಪ್ಪ ಅಟ್ಟೆಯನ್ನು ಕೊಯ್ಸಿ ಹಾಕಿಕೊಂಡರು. ಎನಾಕ್ ಕೊಯ್ಸಲಿಲ್ಲ. ಹೆಂಡತಿಗೆ ಹೇಳಲು ಅವನಿಗೆ ಒಂದು ಕಾರಣ ಬೇಕಾಗಿತ್ತು.

ಆ ಮಂಗಳವಾರ ಎಲ್ಲರೂ ಹೋದ ಮೇಲೆ, ಸಿಸ್ಟರ್ ಆಲ್ಬಟ್ ಒಬ್ಬಳೇ ಮರದ ತುಂಡುಗಳನ್ನು ಚೀಲಕ್ಕೆ ತುಂಬುತ್ತ ನಿಂತಿದ್ದಳು. ಎರಡನ್ನು ಹೊರಗೇ ಬಿಟ್ಟಳು. "ಮಿಸೆಸ್ ಟನಿಕ್ಲಿಫ್, ಈ ಹಾಲ್‌ನ ಬಾಗಿಲು ಬಡ್ಕೊಳ್ಳುತ್ತಲ್ಲ, ಅದಕ್ಕೆ ಅಡ್ಡ ಕೊಡಿ," ಎಂದಳು. ಸಿಸ್ಟರೇ ಮೇಜಿನ ಒಂದು ತುದಿ ಹಿಡಿದಳು. ಇಬ್ಬರೂ ಅದನ್ನು ಏಮಸ್ ಇಟ್ಟಿದ್ದ ಜಾಗಕ್ಕೆ ತಂದು, ತಿರುಗಿಸಿ ಇಟ್ಟರು. ಮೇಲಿಟ್ಟ ಪೆನ್ಸಿಲು ಉರುಳದೆ ನಿಂತಿತು.

ಆಮೇಲೆ ಹೆಟ್ಟಿ ಬಿಸಿನೀರಿಗೆ ಸೋಡಾ ಹಾಕಿ ಬಕೆಟ್ಟು ತಂದಳು. ಗ್ಲೆನಿಸ್ ಮಿಠಾಯಿ ಚೀಪುತ್ತ ಬೆಂಚಿನ ಮೇಲೆ ಎರಡೂ ಕಾಲು ಎತ್ತಿಕೊಂಡು ಕೂತಳು.

"ಕಾಲು ಕೆಳಗೆ ಬಿಡಬೇಡ, ಒದ್ದೆಯಾಗುತ್ತೆ."

"ಯಾವ ಕಾಲು ಅಜ್ಜಿ?"

"ಎರಡೂ."

ಹೆಟ್ಟಿ ಹಾರ್ಮೋನಿಯಂ ಮೂಲೆಗೆ ಹೋಗಿ ಗೋಣಿತಾಟು ಹಾಸಿ ಮಂಡಿಯೂರಿದಳು. ಬಕೆಟ್ಟನ್ನು ಮೆಲ್ಲಗೆ ಬಗ್ಗಿಸಿದಳು. ನೀರು ಹೊರಟಿತು. ಬ್ರಷ್ಷು ಹಿಡಿದು, ಟೀ ಕಲೆಯಿದ್ದ ಹಲಗೆಗಳನ್ನು ಎರಡೆರಡು ಸಲ ತಿಕ್ಕುತ್ತ, ಅವಳು ಅದರ ಹಿಂದಿಂದೆ ಕಿಂಡಿಯ ಕಡೆಗೆ ಹೋದಳು.